ಯಾರೂ ಅಂಟಿಸದ ಗೋಡೆ

ನೊಯೆಮಿ ಸೆಬಾಯೋಸ್ ಇಪ್ಪತ್ತೇಳು ವರ್ಷಗಳಲ್ಲಿ ಹನ್ನೊಂದು ಶಾಲೆ, ಎರಡು ಆಸ್ಪತ್ರೆ, ಒಂದು ಮಾರುಕಟ್ಟೆ ಕಟ್ಟಿಸಿದ್ದ ಇಂಜಿನಿಯರು. ಅರೆಕೀಪಾ ನಗರದ ಮೇಲ್ಬದಿಯ ಬಡಾವಣೆಯಲ್ಲಿ ಹನ್ನೆರಡನೆಯ ಶಾಲೆಗೆ ಪಾಯ ತೋಡಿಸಿದ ವಾರವೇ, ಕಟ್ಟಡ ಕಟ್ಟುವುದು ತನಗೆ ನಿಜವಾಗಿ ಗೊತ್ತಿದೆಯೇ ಎಂಬ ಅನುಮಾನ ಅವಳಿಗೆ ಶುರುವಾಯಿತು.

ಈ ಸಲದ ಕರಾರಿನಲ್ಲಿ ಹೊಸ ಷರತ್ತೊಂದು ಸೇರಿಕೊಂಡಿತ್ತು. ಶಾಲೆಯನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಪೂರ್ತಿಯಾಗಿ ಕಟ್ಟಬೇಕು. ಕಂಬ, ಬೀಮು, ಪೈಪು, ಕಿಟಕಿಯಿಂದ ಹಿಡಿದು ಬಾಗಿಲಿನ ಚಿಲಕದ ತನಕ ಎಲ್ಲವೂ ಅದರಲ್ಲಿರಬೇಕು. ಆ ಕಂಪ್ಯೂಟರಿನ ಶಾಲೆಗೆ ಎಲ್ಲರೂ 'ಮಾದರಿ' ಎನ್ನುತ್ತಿದ್ದರು. ಮಾದರಿಯಲ್ಲಿ ಇದ್ದಂತೆಯೇ ಹೊರಗೂ ಇರಬೇಕು. ಇಲ್ಲದಿದ್ದರೆ ಯಾಕಿಲ್ಲ ಎಂದು ರಾಜಧಾನಿ ಲೀಮಾದಲ್ಲಿರುವ ಕಂಪನಿಗೆ ಬರೆದು ತಿಳಿಸಬೇಕು. ಆ ಕಂಪನಿಯವರು ಎರಡು ದೊಡ್ಡ ಕಂಪ್ಯೂಟರು, ಒಂದು ಟ್ಯಾಬ್ಲೆಟ್ಟು ಮತ್ತು ಲಿಸಾಂದ್ರೊ ಪಾರೆಹಾ ಎಂಬ ನಲವತ್ತೆರಡು ವರ್ಷದ ನಕ್ಷೆಗಾರನನ್ನು ಒಂದೇ ವ್ಯಾನಿನಲ್ಲಿ ಹಾಕಿ ಕಳಿಸಿದರು. ಹದಿನಾರು ತಾಸು ಕೂತು ಬಂದಿದ್ದ ಲಿಸಾಂದ್ರೊ ಕಾಲು ನೀಡಿಕೊಳ್ಳುವ ಮೊದಲು ಕೇಳಿದ್ದು, ಪ್ಲಗ್ಗು ಎಲ್ಲಿದೆ ಎಂದು.

ತಗಡಿನ ಶೆಡ್ಡಿನಲ್ಲಿ ಮೊದಲ ಸಭೆ ನಡೆಯಿತು. ನೊಯೆಮಿ, ಲಿಸಾಂದ್ರೊ, ಮೇಸ್ತ್ರಿ ಫೆರ್ಮೀನ್ ಚಂಬಿ ಮೂವರೂ ಪರದೆಯ ಮುಂದೆ ಕುಳಿತರು. ಪರದೆಯಲ್ಲಿ ಲೀಮಾದ ಸಂಯೋಜಕ ಊಗಾರ್ತೆಚೆಯ ಮುಖ ಒಂದು ಮೂಲೆಯಲ್ಲಿ, ಉಳಿದ ಜಾಗದಲ್ಲೆಲ್ಲ ಶಾಲೆ. ಶಾಲೆ ಗಾಳಿಯಲ್ಲಿ ತೇಲುತ್ತಾ ಗಿರ್ರನೆ ತಿರುಗಿತು, ಬುಡ ಮೇಲಾಯಿತು, ಮತ್ತೆ ನೆಟ್ಟಗಾಯಿತು. ಅದರ ಮೈಮೇಲೆಲ್ಲ ಕೆಂಪು ಚುಕ್ಕೆಗಳು.

"ಒಟ್ಟು ಮುನ್ನೂರ ಇಪ್ಪತ್ತೆಂಟು ಡಿಕ್ಕಿ ಇದೆ. ಈ ವಾರ ಎಲ್ಲ ಬಗೆಹರೀಬೇಕು," ಎಂದ ಊಗಾರ್ತೆಚೆ.

ಫೆರ್ಮೀನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಪೂನೋ ಕಡೆಯ ಎತ್ತರದ ಸೀಮೆಯಿಂದ ಹದಿನಾರನೇ ವಯಸ್ಸಿಗೆ ಇಳಿದು ಬಂದವನು ಅವನು. ಈಗ ಅರವತ್ತರ ಹತ್ತಿರ. ನೊಯೆಮಿಯ ಹನ್ನೊಂದು ಶಾಲೆಗಳಲ್ಲಿ ಎಂಟಕ್ಕೆ ಅವನೇ ಮೇಸ್ತ್ರಿ.

"ಡಿಕ್ಕಿನಾ? ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ ನಾನು. ಯಾರಿಗೆ ಯಾರು ಹೊಡೆದ್ರು?" ಎಂದು ಅವನು ಲಿಸಾಂದ್ರೊನ ಕಿವಿಯಲ್ಲಿ ಕೇಳಿದ.

"ಪೈಪು ಹೋಗಿ ಬೀಮಿಗೆ ಹೊಡೀತು ಮೇಸ್ತ್ರಿ. ವೈರು ಹೋಗಿ ಬಾಗಿಲಿಗೆ."

"ಗಾಯ ಆಗಿದ್ದು ಎಷ್ಟು ಜನಕ್ಕೆ?"

ಊಗಾರ್ತೆಚೆ ಅತ್ತ ಕಡೆಯಿಂದ "ಏನಾದ್ರೂ ಪ್ರಶ್ನೆ ಇದೆಯಾ?" ಎಂದ. ನೊಯೆಮಿಗೆ ಕೇಳಲು ಇಪ್ಪತ್ತು ಪ್ರಶ್ನೆಗಳಿದ್ದವು. ಎಲ್ಲಿಂದ ಹಿಡಿದರೆ ಯಾವುದು ಬಿಚ್ಚಿಕೊಳ್ಳುತ್ತದೆ ಎಂಬುದೇ ತಿಳಿಯದೆ, "ಇಲ್ಲ, ಎಲ್ಲ ಸ್ಪಷ್ಟ," ಎಂದುಬಿಟ್ಟಳು.

ಆ ಮುನ್ನೂರ ಇಪ್ಪತ್ತೆಂಟರಲ್ಲಿ ಒಂದು ಕೆಂಪು ಚುಕ್ಕೆ ಅವಳ ಮನಸ್ಸನ್ನು ಕಲಕಿತು. ಹುಡುಗಿಯರ ಶೌಚಾಲಯದ ದಪ್ಪ ಪೈಪು ಮೊದಲ ಅಂತಸ್ತಿನ ಬೀಮನ್ನು ನಟ್ಟನಡುವೆ ತೂರಿಕೊಂಡು ಹೋಗುತ್ತದೆ ಎಂದು ಮಾದರಿ ತೋರಿಸುತ್ತಿತ್ತು. ಇದು ಕಂಪ್ಯೂಟರಿನ ಭ್ರಮೆ ಎಂದುಕೊಂಡು ಅವಳು ಕಾಗದದ ನಕ್ಷೆಗಳನ್ನು ಹರಡಿದಳು. ಪೈಪಿನ ಹಾಳೆಯನ್ನು ಬೀಮಿನ ಹಾಳೆಯ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನಿಜ, ಪೈಪು ಬೀಮಿನೊಳಗೇ ಇತ್ತು. ಪೈಪಿನವರು ಒಂದು ಹಾಳೆ ಮಾಡಿದ್ದರು, ಬೀಮಿನವರು ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

"ಮೇಸ್ತ್ರಿ, ಮುಂಚೆ ಇಂಥದ್ದು ಬಂದಾಗ ನಾವು ಏನು ಮಾಡ್ತಿದ್ವಿ?"

"ಏನ್ಮಾಡ್ತಿದ್ವಿ? ಪ್ಲಂಬರ್ ಬಂದು ಬೀಮ್ ಕೊರೀತಿದ್ದ. ನೀವು ಬೈತಿದ್ರಿ. ಆಮೇಲೆ ಗಾರೆ ಮೆತ್ತಿ ಮುಚ್ತಿದ್ವಿ."

ಅದು ಸುಳ್ಳಾಗಿರಲಿಲ್ಲ. ಹನ್ನೊಂದು ಶಾಲೆಗಳಲ್ಲಿ ಎಷ್ಟು ಬೀಮುಗಳನ್ನು ಹೀಗೆ ಕೊರೆಸಿದ್ದೇನೆ ಎಂದು ನೆನಪಿಸಿಕೊಳ್ಳಲು ಹೋಗಿ ಅವಳು ಅರ್ಧಕ್ಕೇ ಬಿಟ್ಟಳು. ಆ ದಿನದಿಂದ ಮಾದರಿಯ ಮುಂದೆ ಅವಳ ಧ್ವನಿ ತಗ್ಗಿತು. ತನ್ನ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೆ ಎಂದಾದರೆ, ತನ್ನ ಕಣ್ಣಿಗೆ ಸರಿ ಕಂಡದ್ದು ತಪ್ಪೂ ಇರಬಹುದು. ಪೈಪನ್ನು ಬೀಮಿನ ಬದಿಗೆ ಸರಿಸಿ ಎಂದು ಬರೆದು ಕಳಿಸಿದಳು. ಎರಡೇ ದಿನದಲ್ಲಿ ಮಾದರಿಯಲ್ಲಿ ಪೈಪು ಸರಿಯಿತು, ಕೆಂಪು ಚುಕ್ಕೆ ಆರಿತು. ಊಗಾರ್ತೆಚೆ ಅವಳನ್ನು ಹೊಗಳಿ ಪತ್ರ ಬರೆದ.

ಏಪ್ರಿಲ್ ಕೊನೆಗೆ ಕೆಳಗಿನ ತರಗತಿಗಳ ಗೋಡೆ ಏಳತೊಡಗಿತು. ಕಿಟಕಿಯ ಕೆಳಗೆ ಬರುವುದು ಸೊಂಟದೆತ್ತರದ ಗೋಡೆ. ಅದು ಕಂಬಕ್ಕೆ ತಾಗಬಾರದು. ಎರಡು ಬೆರಳಗಲ ಸಂದು ಬಿಟ್ಟು ನಡುವೆ ಥರ್ಮಾಕೋಲ್ ತುಂಬಿಸಬೇಕು. ಇದು ಈ ಊರಿನಲ್ಲಿ ಗಾರೆ ಮುಟ್ಟಿದ ಎಲ್ಲರಿಗೂ ಗೊತ್ತಿದ್ದ ವಿಷಯ. ಎರಡು ಸಾವಿರದ ಒಂದರ ಭೂಕಂಪದಲ್ಲಿ ಗೋಡೆ ಬಿಗಿಯಾಗಿ ಹಿಡಿದುಕೊಂಡಿದ್ದ ಕಂಬಗಳೇ ಮೊದಲು ಹೋಗಿದ್ದವು. ಕಂಬದ ಕೆಳಗರ್ಧವನ್ನು ಅಲುಗಾಡಲು ಬಿಡದೆ ಗೋಡೆ ಹಿಡಿದಿರುತ್ತದೆ, ಇಡೀ ಕಟ್ಟಡದ ಓಲಾಟವೆಲ್ಲ ಮೇಲೆ ಉಳಿದ ಮೋಟು ಭಾಗಕ್ಕೆ ಬೀಳುತ್ತದೆ, ಅದು ಕಬ್ಬಿನ ಹಾಗೆ ಮುರಿಯುತ್ತದೆ. ಆಗ ಶನಿವಾರವಾಗಿದ್ದರಿಂದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ.

ಫೆರ್ಮೀನ್ ಎಂದಿನಂತೆ ಒಂದೊಂದು ಅಂಕಣಕ್ಕೂ, ಎಂದರೆ ಎರಡು ಕಂಬಗಳ ನಡುವಿನ ಜಾಗಕ್ಕೂ, ಸಂದು ಬಿಟ್ಟು ಗೋಡೆ ಕಟ್ಟಿಸಿದ. ಫೋಟೋ ಲೀಮಾಕ್ಕೆ ಹೋಯಿತು. ಮರುದಿನ ಉತ್ತರ ಬಂತು: ಮಾದರಿಯಲ್ಲಿ ಗೋಡೆ ಕಂಬಕ್ಕೆ ಕೂಡಿಕೊಂಡಿದೆ, ಕಾಮಗಾರಿಯಲ್ಲಿ ಕೂಡಿಲ್ಲ, ಸರಿಪಡಿಸಿ.

ನೊಯೆಮಿ ಟ್ಯಾಬ್ಲೆಟ್ಟು ಹಿಡಿದು ನೋಡಿದಳು. ನಿಜಕ್ಕೂ ಗೋಡೆ ಹೋಗಿ ಕಂಬಕ್ಕೆ ಅಂಟಿಕೊಂಡಿತ್ತು. ಬೆರಳಿನಿಂದ ಹಿಗ್ಗಿಸಿ ನೋಡಿದಳು. ಎಷ್ಟು ಹಿಗ್ಗಿಸಿದರೂ ನಡುವೆ ಕೂದಲೆಳೆಯಷ್ಟು ಜಾಗವಿರಲಿಲ್ಲ.

"ಇದು ಹುಚ್ಚು," ಎಂದ ಫೆರ್ಮೀನ್.

"ಇರಿ ಮೇಸ್ತ್ರಿ. ಲೆಕ್ಕಾಚಾರ ಬದಲಾಗಿರಬಹುದು. ಈ ಸಲ ಕಂಬ ಅಗಲ ಇದೆ ನೋಡಿ."

"ಅಗಲ ಇದ್ರೆ ಭೂಕಂಪ ಹೆದರ್ಕೊಂಡು ಓಡಿಹೋಗುತ್ತಾ?"

"ಆ ಪೈಪಿನ ವಿಷಯದಲ್ಲೂ ನಾವು ಹೀಗೇ ನಕ್ಕಿದ್ವಿ."

ನೊಯೆಮಿಯ ತಲೆಯೊಳಗೆ ಎರಡು ಮಾತು ಒಂದೇ ಸಮನೆ ಕೇಳುತ್ತಿದ್ದವು. ಇಪ್ಪತ್ತೇಳು ವರ್ಷದ ಅನುಭವ ಸಂದು ಬಿಡು ಎನ್ನುತ್ತಿತ್ತು. ಅದೇ ಅನುಭವ ಬೀಮುಗಳನ್ನೂ ಕೊರೆಸಿತ್ತಲ್ಲ, ಅದನ್ನು ನಂಬುವುದು ಹೇಗೆ? ಲೀಮಾದಲ್ಲಿ ಕಟ್ಟಡದ ಬಲ ಲೆಕ್ಕ ಹಾಕಿದವರು ಓದಿದವರು. ಅವರೇ ಕೂಡಿಸಿದ್ದಾರೆಂದರೆ ಏನೋ ಕಾರಣವಿರಬೇಕು, ತನಗೆ ಮಾತ್ರ ಅದು ತಿಳಿದಿಲ್ಲ. ಹೋಗಿ ಕೇಳಿದರೆ, ಇಷ್ಟೂ ಗೊತ್ತಿಲ್ಲವೇ ಎಂದಾರು.

"ಸದ್ಯಕ್ಕೆ ಎರಡು ಅಂಕಣದ ಸಂದು ಮುಚ್ಚಿ," ಎಂದಳು ಕೊನೆಗೆ. "ಮಾದರಿಯಲ್ಲಿ ಇದ್ದ ಹಾಗೆ."

"ನೀವು ಹೇಳ್ತಿದ್ದೀರಾ, ಅದು ಹೇಳ್ತಿದೆಯಾ?" ಎಂದು ಫೆರ್ಮೀನ್ ಟ್ಯಾಬ್ಲೆಟ್ಟಿನತ್ತ ಗದ್ದ ತೋರಿಸಿ ಕೇಳಿದ.

"ನಾನೇ ಹೇಳ್ತಿದ್ದೀನಿ."

"ಆಯ್ತು ಇಂಜಿನಿಯರಮ್ಮ." ಅವನು ಬೆನ್ನು ತಿರುಗಿಸಿ ಗಾರೆ ಕಲಸಲು ಹೇಳಿದ.

ಅದಾಗಿ ಮರುದಿನವೇ ಮೇ ಮೂರು, ಶಿಲುಬೆಯ ಹಬ್ಬ. ಕೆಲಸಗಾರರು ಬಣ್ಣದ ಕಾಗದ, ಹೂವು ಸುತ್ತಿದ ಶಿಲುಬೆಯನ್ನು ಕಟ್ಟಡದ ತುದಿಗೆ ಏರಿಸಿದರು. ಪಾದ್ರಿ ಬಂದು ನೀರು ಚಿಮುಕಿಸಿ ಹೋದರು. ಮಧ್ಯಾಹ್ನದ ಬಿಸಿಲಿನಲ್ಲಿ ಸಿಮೆಂಟು ಚೀಲಗಳ ಮೇಲೆ ಹಲಗೆ ಹಾಸಿ ಊಟ, ದೊಡ್ಡ ಲೋಟಗಳಲ್ಲಿ ಮೆಕ್ಕೆಜೋಳದ ಹೆಂಡ ಚಿಚಾ. ಪ್ರತಿ ವರ್ಷ ನೊಯೆಮಿ ಎಲ್ಲರಿಗಿಂತ ಮೊದಲು ಕುಣಿಯಲು ಏಳುವವಳು. ಈ ವರ್ಷ ಖಾರದ ರೊಕೊತೊ ಮೆಣಸಿನಕಾಯಿಯನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳುತ್ತಾ ಕುಳಿತಿದ್ದಳು. ಎದುರಿಗೇ ಮುಚ್ಚಿದ ಎರಡು ಅಂಕಣಗಳು ಕಾಣುತ್ತಿದ್ದವು. ಗಾರೆ ಇನ್ನೂ ಹಸಿಯಾಗಿತ್ತು, ಬಣ್ಣ ಗಾಢವಾಗಿತ್ತು. ಆ ಬಣ್ಣ ಬಿಟ್ಟರೆ ಅವಕ್ಕೂ ಉಳಿದವಕ್ಕೂ ದೂರದಿಂದ ನೋಡಿದರೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

ಹಬ್ಬದ ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದವಳೇ ಬಾಗಿಲು ಹಾಕಿಕೊಂಡಳು.

"ಲಿಸಾಂದ್ರೊ, ಒಂದು ಮಾತು ಕೇಳ್ಬೇಕು. ಕಿಟಕಿ ಗೋಡೆಯನ್ನ ಕಂಬಕ್ಕೆ ಕೂಡಿಸಬೇಕು ಅಂತ ತೀರ್ಮಾನ ಮಾಡಿದ್ದು ಯಾರು?"

"ನಕ್ಷೆ ಮಾಡಿದ ವಾಸ್ತುಶಿಲ್ಪಿಗಳು ಇರ್ಬೇಕು ಮೇಡಂ. ಗೋಡೆ ಅವರದ್ದು."

ಲೀಮಾದ ವಾಸ್ತುಶಿಲ್ಪಿಗೆ ಫೋನು ಹೋಯಿತು. ಅವಳು ಹೇಳಿದಳು, ಗೋಡೆ ಎಲ್ಲಿ ಬರಬೇಕೆಂದು ಮಾತ್ರ ನಾವು ಹೇಳುತ್ತೇವೆ, ಕಂಬಕ್ಕೆ ಹೇಗೆ ಸೇರಬೇಕೆಂಬುದು ಬಲದ ಲೆಕ್ಕದವರ ಕೆಲಸ. ಬಲದ ಲೆಕ್ಕದವರಿಗೆ ಫೋನು ಮಾಡಿದರೆ, ನಾವು ಕಂಬ ಬೀಮು ಮಾತ್ರ ಮಾಡುತ್ತೇವೆ, ಇಟ್ಟಿಗೆ ಗೋಡೆ ನಮ್ಮ ಕಡತದಲ್ಲೇ ಇಲ್ಲವಲ್ಲ ಎಂದರು. ಊಗಾರ್ತೆಚೆಯನ್ನು ಕೇಳಿದರೆ, "ನಾನು ಇಬ್ಬರ ಕಡತವನ್ನೂ ಸೇರಿಸ್ತೀನಿ ಅಷ್ಟೆ. ಡಿಕ್ಕಿ ಇದ್ರೆ ಹೇಳ್ತೀನಿ. ಇಲ್ಲಿ ಡಿಕ್ಕಿ ಇಲ್ಲ, ಕೂಡಿದೆ," ಎಂದ.

"ಕೂಡಿಸಿದ್ದು ಯಾರು ಅಂತ ಕೇಳ್ತಿದ್ದೀನಿ."

"ಮಾದರಿಯಲ್ಲಿ ಇದೆ ಇಂಜಿನಿಯರ್. ಮಾದರಿಗೆ ಒಪ್ಪಿಗೆ ಆಗಿದೆ."

ಮೂರು ಫೋನು ಮುಗಿಯುವಷ್ಟರಲ್ಲಿ ಅವಳು ಹೊರಟಲ್ಲಿಗೇ ಬಂದು ನಿಂತಿದ್ದಳು. ಯಾರೂ ಸುಳ್ಳು ಹೇಳಿದಂತೆ ಕಾಣಲಿಲ್ಲ. ಆದರೂ ಗೋಡೆ ತಾನಾಗಿ ನಡೆದುಹೋಗಿ ಕಂಬವನ್ನು ತಬ್ಬಿಕೊಳ್ಳಲು ಸಾಧ್ಯವಿಲ್ಲವಷ್ಟೆ.

ಲಿಸಾಂದ್ರೊ ಎದ್ದು ಕಿಟಕಿಯ ಹತ್ತಿರ ಹೋದ, ಮತ್ತೆ ಬಂದು ಕುಳಿತ. ಅವನ ಕಿವಿ ಕೆಂಪಾಗಿತ್ತು.

"ಮೇಡಂ, ನಾನೊಂದು ಹೇಳಿದ್ರೆ ಲೀಮಾಕ್ಕೆ ಹೇಳಲ್ಲ ತಾನೆ?"

"ಹೇಳಿ."

"ನಾನು ಹದಿನೆಂಟು ವರ್ಷ ಕಾಗದದ ಮೇಲೆ ಗೆರೆ ಎಳೆದವನು. ಇದನ್ನ ಕಲಿತಿದ್ದು ಮೂರು ತಿಂಗಳು. ನನಗೂ ಅರ್ಧ ಗೊತ್ತಾಗಲ್ಲ. ಗೊತ್ತಿಲ್ಲ ಅಂದ್ರೆ ಮನೆಗೆ ಕಳಿಸ್ತಾರೆ ಅಂತ ಸುಮ್ಮನಿದ್ದೆ."

ನೊಯೆಮಿ ಕುರ್ಚಿಯನ್ನು ಅವನತ್ತ ಎಳೆದುಕೊಂಡಳು. "ನಾನು ನಿಮಗೆ ಎಲ್ಲಾ ಗೊತ್ತಿದೆ ಅಂದ್ಕೊಂಡಿದ್ದೆ," ಎಂದಳು.

"ನಾನು ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ನೀವು ಎಲ್ಲಾದಕ್ಕೂ ಸ್ಪಷ್ಟ ಸ್ಪಷ್ಟ ಅಂತಿದ್ರಲ್ಲ."

ಅವನು ಕಂಪ್ಯೂಟರಿನಲ್ಲಿ ಖಾಲಿ ಹಾಳೆಯೊಂದನ್ನು ತೆರೆದ. ಒಂದು ಕಂಬ ನಿಲ್ಲಿಸಿದ. ಅದರಿಂದ ತುಸು ದೂರದಲ್ಲಿ ಗೋಡೆಯೊಂದನ್ನು ಎಳೆಯತೊಡಗಿದ. ಗೋಡೆಯ ತುದಿ ಕಂಬದಿಂದ ಎರಡು ಬೆರಳಿನಷ್ಟು ದೂರಕ್ಕೆ ಬರುತ್ತಲೇ ಚಕ್ಕನೆ ಹಾರಿ ಕಂಬಕ್ಕೆ ಕಚ್ಚಿಕೊಂಡಿತು. ನಡುವಿನ ಗೆರೆ ಅಳಿಸಿಹೋಗಿ ಎರಡೂ ಒಂದೇ ಮೈಯಾದವು.

ನೊಯೆಮಿ ಮುಂದಕ್ಕೆ ಬಾಗಿದಳು. "ಇನ್ನೊಂದು ಸಲ ಮಾಡಿ."

ಇನ್ನೊಂದು ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವಳೇ ಮೌಸು ಹಿಡಿದು ಮಾಡಿದಳು. ಅವಳ ಕೈಯಲ್ಲೂ ಗೋಡೆ ಹಾರಿ ಕಚ್ಚಿಕೊಂಡಿತು.

"ನಾನು ಅಂಟಿಸಿಲ್ಲ ಮೇಡಂ. ಅವರೂ ಅಂಟಿಸಿರಲ್ಲ. ಹತ್ತಿರ ಬಂದ್ರೆ ಅದೇ ಅಂಟ್ಕೊಳ್ಳುತ್ತೆ. ಬೇಡ ಅಂದ್ರೆ ಒಂದೊಂದಕ್ಕೂ ಬೇಡ ಅಂತ ಹೇಳ್ಬೇಕು. ಯಾರೂ ಹೇಳಿಲ್ಲ."

"ಹಾಗಾದ್ರೆ ಯಾರೂ ತೀರ್ಮಾನ ಮಾಡೇ ಇಲ್ಲ?"

"ಇಲ್ಲ ಅನ್ಸುತ್ತೆ."

ಇದೇ ಶಾಲೆಯ ಕಾಗದದ ನಕ್ಷೆಗಳ ಕಟ್ಟಿನಲ್ಲಿ ಕೊನೆಯ ಹಾಳೆ ಇತ್ತು, ಸಣ್ಣಪುಟ್ಟ ವಿವರಗಳದ್ದು. ಅವಳು ಹುಡುಕಿ ತೆಗೆದಳು. ಅದರ ಎಡಮೂಲೆಯಲ್ಲಿ ಅಂಗೈಯಗಲದ ಚಿತ್ರ: ಗೋಡೆ, ಸಂದು, ಕಂಬ. ಸಂದಿನ ಪಕ್ಕ 'ತಾಗಿಸಬಾರದು' ಎಂದು ಬರೆದಿತ್ತು. ಆ ಹಾಳೆಯನ್ನು ಮಾದರಿಯೊಳಗೆ ಯಾರೂ ಇಳಿಸಿರಲಿಲ್ಲ. ಮಾದರಿ ಬಂದ ಮೇಲೆ ಅದನ್ನು ತೆರೆದವರೂ ಇರಲಿಲ್ಲ. ಅವಳೂ ತೆರೆದಿರಲಿಲ್ಲ.

ಊಗಾರ್ತೆಚೆಗೆ ಇದನ್ನು ಅರ್ಥಮಾಡಿಸಲು ಅರ್ಧ ತಾಸು ಹಿಡಿಯಿತು. ಅರ್ಥವಾದ ಮೇಲೂ, ಒಪ್ಪಿಗೆಯಾದ ಮಾದರಿ ತಿದ್ದಬೇಕಾದರೆ ಮೂವರ ಸಹಿ ಬೇಕು, ಮೂರು ವಾರವಾದರೂ ಆಗುತ್ತದೆ, ಅಲ್ಲಿಯವರೆಗೆ ಮಾದರಿಯಂತೆಯೇ ನಡೆಯಲಿ ಎಂದ. ನೊಯೆಮಿ ಫೋನು ಇಟ್ಟು ಕಾಮಗಾರಿಯ ದಿನಚರಿ ಪುಸ್ತಕ ತೆರೆದಳು. ಕಿಟಕಿ ಗೋಡೆಗಳನ್ನೆಲ್ಲ ಕಂಬದಿಂದ ಬೇರೆ ಇಡಲು ಆದೇಶಿಸಿದ್ದೇನೆ, ಇದು ಮಾದರಿಗೆ ವಿರುದ್ಧ, ಹೊಣೆ ನನ್ನದು ಎಂದು ಬರೆದು ಸಹಿ ಹಾಕಿದಳು. ಮುಗಿಸಿದ ಮೇಲೆ, ಈ ಸಲವಾದರೂ ತಾನು ಸರಿಯೇ ಎಂದು ಮತ್ತೊಮ್ಮೆ ಕೊನೆಯ ಹಾಳೆ ನೋಡಿದಳು.

ಫೆರ್ಮೀನ್ ಕಬ್ಬಿಣದ ರಾಶಿಯ ಹತ್ತಿರ ಇದ್ದ. ಅವನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

"ಮೇಸ್ತ್ರಿ, ನಾನು ತಪ್ಪು ಹೇಳಿದೆ. ಆ ಎರಡು ಅಂಕಣ ಒಡೀಬೇಕು."

"ಒಂದು ಒಡೆದ್ರೆ ಸಾಕು," ಎಂದ ಫೆರ್ಮೀನ್.

"ಯಾಕೆ?"

"ಬನ್ನಿ ತೋರಿಸ್ತೀನಿ."

ಮೊದಲನೆಯ ಅಂಕಣಕ್ಕೆ ಉಳಿಯಿಟ್ಟು ಹೊಡೆದ. ಗಾರೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಚೂರು ಚೂರಾಗಿ ಎದ್ದಿತು. ಎರಡನೆಯದಕ್ಕೆ ಹೋಗಿ ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಬಿಸ್ಕತ್ತಿನಷ್ಟು ತೆಳ್ಳಗಿನ ಗಾರೆಯ ಪದರ ಕಳಚಿ ಬಿತ್ತು. ಒಳಗೆ ಬೆಳ್ಳಗೆ ಥರ್ಮಾಕೋಲ್.

ನೊಯೆಮಿ ಅದನ್ನು ಬೆರಳಿನಿಂದ ಒತ್ತಿ ನೋಡಿದಳು.

"ಒಂದು ನಿಮ್ಮ ಮಾತಿಗೆ ಮುಚ್ಚಿದೆ," ಎಂದ ಫೆರ್ಮೀನ್. "ಇದನ್ನ ಮುಚ್ಚೋಕೆ ಕೈ ಬರ್ಲಿಲ್ಲ. ಮುರಿದ ಪಿಲ್ಲರ್‌ಗಳನ್ನ ಕಣ್ಣಾರೆ ನೋಡಿದೀನಿ ನಾನು."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದೆನಲ್ಲ. ಪೈಪಿನ ಕಥೆ ತೆಗೆದ್ರಿ."

ಅವನಿಗೆ ಕೈಮುಗಿಯಬೇಕೋ ಅವನನ್ನು ಕೆಲಸದಿಂದ ತೆಗೆಯಬೇಕೋ ಅವಳಿಗೆ ತಿಳಿಯಲಿಲ್ಲ. ಈ ಗೋಡೆಯ ವಿಷಯದಲ್ಲಿ ಅವನೇ ಸರಿ. ಆದರೆ ತನಗೆ ಸರಿ ಕಂಡದ್ದನ್ನು ಗಾರೆಯ ಕೆಳಗೆ ಮುಚ್ಚಿಟ್ಟವನು, ನಾಳೆ ತಪ್ಪು ಕಂಡದ್ದನ್ನೂ ಹಾಗೆಯೇ ಮುಚ್ಚಿಟ್ಟರೆ? ಮಾದರಿಯಲ್ಲಿ ಎರಡೂ ಅಂಕಣ ಕೂಡಿದ್ದವು. ಅವಳ ದಿನಚರಿಯಲ್ಲಿ ಎರಡೂ ಮುಚ್ಚಿದ್ದವು. ಹೊರಗೆ ಒಂದು ಮುಚ್ಚಿತ್ತು, ಒಂದು ಮುಚ್ಚಿರಲಿಲ್ಲ. ಇನ್ನೂ ಏನೇನು ಹೀಗಿದೆಯೋ.

"ಆ ಶೌಚಾಲಯದ ಪೈಪು," ಎಂದಳು ಥಟ್ಟನೆ. "ಅದನ್ನ ಸರಿಸಿದ್ದೀರೋ ಇಲ್ಲವೋ?"

ಫೆರ್ಮೀನನ ಮುಖ ಸಣ್ಣದಾಯಿತು. "ಹೋಗಿ ನೋಡಿ," ಎಂದ.

ಅವಳು ಹೋಗಿ ನೋಡಿದಳು. ಏಣಿ ಹತ್ತಿ, ಟೇಪು ಹಿಡಿದು, ಟ್ಯಾಬ್ಲೆಟ್ಟನ್ನು ಹಲಗೆಯ ಮೇಲಿಟ್ಟು ಅಳೆದಳು. ಪೈಪು ಬೀಮಿನ ಬದಿಯಲ್ಲಿ, ಮಾದರಿ ಹೇಳಿದ ಜಾಗದಲ್ಲೇ ಹೋಗಿತ್ತು. ಒಂದು ಬೆರಳೂ ಆಚೀಚೆ ಇರಲಿಲ್ಲ. ಇಳಿದು ಬಂದಾಗ ಅವನು ಬೇಕೆಂದೇ ಬೇರೆಡೆ ನೋಡುತ್ತಿದ್ದ.

"ಕ್ಷಮಿಸಿ ಮೇಸ್ತ್ರಿ."

"ಬಿಡಿ. ನಾನೂ ಕಳ್ಳಾಟ ಆಡಿದೀನಲ್ಲ, ನೀವು ಕೇಳೋದು ಸರಿನೇ."

"ಇನ್ನು ಮೇಲೆ ಹಾಗೆ ಮಾಡ್ಬೇಡಿ. ಜಗಳ ಆಡಿ, ಕೆಲಸ ನಿಲ್ಸಿ, ಏನಾದ್ರೂ ಮಾಡಿ. ಮುಚ್ಚಿಡ್ಬೇಡಿ."

"ನೀವೂ ಅಷ್ಟೆ ಇಂಜಿನಿಯರಮ್ಮ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ನನಗೇನು, ನಾನು ದಿನಕ್ಕೆ ಹತ್ತು ಸಲ ಅಂತೀನಿ."

ಆ ಸಂಜೆ ಅವಳು ದಿನಚರಿಯಲ್ಲಿ ಎರಡನೆಯ ಅಂಕಣದ ವಿಷಯವನ್ನೂ ಇದ್ದಂತೆ ಬರೆದಳು. ಮೇಸ್ತ್ರಿಯ ಹೆಸರು ಹಾಕಬೇಕೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, ಕೊನೆಗೆ ಹಾಕಿದಳು. ಮರುದಿನ ಅವನಿಗೆ ಓದಿ ಹೇಳಿದಾಗ, ಅವನು ತನ್ನ ಹೆಸರಿನ ಪಕ್ಕ ಸಹಿ ಹಾಕಿ ಕೊಟ್ಟ.

ಮೂರು ವಾರಕ್ಕೆ ಬರಬೇಕಾದ ತಿದ್ದಿದ ಮಾದರಿ ಬಂದದ್ದು ಏಳನೆಯ ವಾರ. ಅದರಲ್ಲಿ ಎಲ್ಲ ಕಿಟಕಿ ಗೋಡೆಗಳಿಗೂ ಸಂದು ಬಿಟ್ಟಿದ್ದರು. ಸಂದು ಬಿಟ್ಟ ಕೂಡಲೇ ಕಂಪ್ಯೂಟರು ತೊಂಬತ್ತಾರು ಹೊಸ ಗುರುತು ಹಾಕಿತು: ಇಲ್ಲಿ ಗೋಡೆ ಕಂಬಕ್ಕೆ ಸೇರಿಲ್ಲ, ತಪ್ಪಿರಬಹುದು. ನೊಯೆಮಿಯೂ ಲಿಸಾಂದ್ರೊನೂ ಪಕ್ಕಪಕ್ಕ ಕುಳಿತು ಒಂದೊಂದನ್ನೇ ತೆರೆದು ನೋಡಿದರು. ಹೆಚ್ಚಿನವು ಬೇಕೆಂದೇ ಬಿಟ್ಟ ಸಂದುಗಳು. ನಾಲ್ಕು ಮಾತ್ರ ನಿಜವಾದ ತಪ್ಪುಗಳಾಗಿದ್ದವು. ಒಂದರ ಮುಂದೆ ಮೂವರೂ, ಫೆರ್ಮೀನನನ್ನೂ ಕರೆದುಕೊಂಡು, ಅರ್ಧ ದಿನ ಕುಳಿತರೂ ತಪ್ಪೋ ಸರಿಯೋ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದೇ ಲೀಮಾಕ್ಕೆ ಬರೆದರು. ಊಗಾರ್ತೆಚೆಯಿಂದ ಮೊದಲ ಬಾರಿಗೆ ಒಂದೇ ಸಾಲಿನ ಉತ್ತರ ಬಂತು: ನನಗೂ ಗೊತ್ತಾಗುತ್ತಿಲ್ಲ, ವಿಚಾರಿಸಿ ಹೇಳುತ್ತೇನೆ.

ಮುಂದಿನ ಮಾರ್ಚಿನಲ್ಲಿ ಶಾಲೆ ತೆರೆಯಿತು. ಮುಖ್ಯೋಪಾಧ್ಯಾಯಿನಿ ಎಲ್ವೀರಾ ಪೋರ್ತುಗಾಲ್ ತರಗತಿಗಳನ್ನು ನೋಡುತ್ತಾ ಬಂದು ಕಿಟಕಿಯ ಬಳಿ ನಿಂತು, ಕಂಬಕ್ಕೂ ಗೋಡೆಗೂ ನಡುವಿನ ಸಂದಿನಲ್ಲಿದ್ದ ಥರ್ಮಾಕೋಲಿನ ಮೇಲೆ ಬೆರಳಾಡಿಸಿದಳು.

"ಇದು ಇನ್ನೂ ಮುಗಿದಿಲ್ವಾ? ಮಕ್ಕಳು ಇದನ್ನ ಕಿತ್ತು ಒಳಗೆ ಚೀಟಿ, ಚೂಯಿಂಗ್ ಗಮ್ ಎಲ್ಲಾ ತುರುಕ್ತಾರೆ. ಒಂದು ಬಾಂಡ್ಲಿ ಸಿಮೆಂಟ್ ಕೊಟ್ಟರೆ ನಮ್ಮ ಕಾವಲುಗಾರನೇ ಮುಚ್ಚಿಬಿಡ್ತಾನೆ."

ಫೆರ್ಮೀನ್ ಮೂಲೆಯಲ್ಲಿದ್ದ ಪೊರಕೆ ತಂದ. ಅದರ ಕೋಲನ್ನು ನೆಟ್ಟಗೆ ನಿಲ್ಲಿಸಿ, ಕೆಳಗರ್ಧವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯನ್ನು ಅಲ್ಲಾಡಿಸಿ ಎಂದು ಅವಳಿಗೇ ಹೇಳಿದ. ಅವಳು ಜೋರಾಗಿ ಅಲ್ಲಾಡಿಸಿದಳು. ಅವನ ಮುಷ್ಟಿಯ ಮೇಲ್ಭಾಗದಲ್ಲೇ ಕೋಲು ಚಟ್ಟೆಂದು ಸೀಳಿತು.

"ಅಯ್ಯೋ, ಹೊಸ ಪೊರಕೆ!" ಎಂದಳು ಎಲ್ವೀರಾ.

"ಪೊರಕೆ ಇನ್ನೊಂದು ತರಬಹುದು ಟೀಚರಮ್ಮ."

ಅವಳು ಸೀಳಿದ ಕೋಲನ್ನೂ ಕಂಬವನ್ನೂ ಒಂದೆರಡು ಸಲ ನೋಡಿದಳು. ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. "ನಾನು ವರ್ಗವಾಗಿ ಹೋದ ಮೇಲೆ ಬರೋರಿಗೆ ಯಾರು ಹೇಳ್ತಾರೆ? ಒಂದು ಬರೆದು ಕೊಡಿ," ಎಂದಳು.

ನೊಯೆಮಿ ಚೀಲದಿಂದ ಕಾಗದ ತೆಗೆದು ಪುಟ್ಟ ಡೆಸ್ಕೊಂದರಲ್ಲಿ ಮೊಳಕಾಲು ಮಡಚಿ ಕುಳಿತು ಬರೆಯತೊಡಗಿದಳು. ಮೊದಲ ಸಾಲನ್ನು ಎರಡು ಸಲ ಹೊಡೆದುಹಾಕಿದಳು. ಆಮೇಲೆ ಫೆರ್ಮೀನನನ್ನು ಹತ್ತಿರ ಕರೆದು, "ಹೇಳಿ ಮೇಸ್ತ್ರಿ, ಇದನ್ನ ಹೇಗೆ ಬರೆದ್ರೆ ಎಲ್ಲರಿಗೂ ತಿಳಿಯುತ್ತೆ?" ಎಂದು ಕೇಳಿದಳು.